ದೊಡ್ಡ ಸಿಸ್ಟರ್‌ಗೆ ಆಗದ್ದು

ಆ ಇಂಗ್ಲಿಷ್ ಪದ ಅವಳಿಗೆ ಸಿಕ್ಕಿದ್ದು ಶಾಲೆಯಲ್ಲಲ್ಲ, ಆಸ್ಪತ್ರೆಯ ಅಡುಗೆಮನೆಯಲ್ಲಿ. ಅದೂ ಕೆಲಸಕ್ಕೆ ಸೇರಿದ ಮೊದಲ ದಿನವೇ, ಬೆಳಗಿನ ಏಳೂವರೆಗೆ, ಕೈಯಲ್ಲಿ ಒಂದು ಕಟ್ಟು ಹಳದಿ ಚೀಟಿ, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್ಲು ಇಟ್ಟುಕೊಂಡು ಏನು ಮಾಡಬೇಕೆಂದು ತೋಚದೆ ನಿಂತಿದ್ದಾಗ.

ಈಗ ಆ ಅಡುಗೆಮನೆ ಇಲ್ಲ. ರೋಗಿಗಳ ಊಟ ಎಲ್ಲಿಂದಲೋ ವ್ಯಾನಿನಲ್ಲಿ ಬರುತ್ತದೆ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಡಬ್ಬಿಗಳಲ್ಲಿ. ಎಲ್ಲ ಡಬ್ಬಿಯೂ ಒಂದೇ ತೂಕ, ಒಂದೇ ಬಣ್ಣ. ಆದರೆ ಅವಳು ಕಣ್ಣು ಮುಚ್ಚಿದರೆ ಸಾಕು, ಹಳೆಯದು ಹಾಗೇ ಎದುರಿಗೆ ಬಂದು ನಿಲ್ಲುತ್ತದೆ. ಹದಿನಾಲ್ಕು ಮೆಟ್ಟಿಲು ಇಳಿದು ಹೋಗಬೇಕಾದ ನೆಲಮಾಳಿಗೆ. ಸಾಲಾಗಿ ಮೂರು ಒಲೆ. ಮಗುವನ್ನು ಕೂರಿಸಿ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಹಂಡೆಗಳು. ಎತ್ತರದ ಕಿಟಕಿಯಲ್ಲಿ ಹೊರಗೆ ಓಡಾಡುವವರ ಕಾಲು ಮಾತ್ರ ಕಾಣುತ್ತಿತ್ತು. ಚಪ್ಪಲಿ ನೋಡಿಯೇ ಯಾವ ಡಾಕ್ಟರು ತಡವಾಗಿ ಬಂದರು ಎಂದು ಹೇಳುವಷ್ಟು ಅಭ್ಯಾಸವಾಗಿತ್ತು ಎಲ್ಲರಿಗೂ. ಗೋಡೆಯ ಮೇಲೊಂದು ಹಲಗೆ, ಹಲಗೆಗೆ ವಾರ್ಡಿಗೊಂದರಂತೆ ಹನ್ನೊಂದು ಮೊಳೆ. ವಾರ್ಡುಗಳಿಂದ ಚೀಟಿ ಬರೆದು ತಂದು ಆ ಮೊಳೆಗಳಿಗೆ ಚುಚ್ಚುವುದೇ ಅವಳ ಕೆಲಸ. ಹಾಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಗೇಟಿನ ಹಾಜರಿ ಪುಸ್ತಕದಲ್ಲೇ ಉಳಿಯಿತು. ಒಳಗೆ ಅವಳು 'ಚೀಟಿ'. ಮದುವೆಯಾಗಿ ಮಗಳು ಹುಟ್ಟಿದ ಮೇಲೆ 'ಚೀಟಕ್ಕ' ಆದಳು. ಅವಳಿಗೆ ಸಿಕ್ಕ ಬಡ್ತಿ ಅದೊಂದೇ.

ಚೀಟಿಯಲ್ಲಿ ನಾಲ್ಕು ಕಲಂ. ಮಂಚದ ನಂಬರು, ಡಾಕ್ಟರು ಹೇಳಿದ ಪಥ್ಯ, ಹಲ್ಲು ಇದೆಯೋ ಇಲ್ಲವೋ, ಮತ್ತು ಕೊನೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಒಂದು ಪದ: ಅವರ್ಷನ್. ಮೊದಲ ದಿನ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಅರ್ಥವಾಗಲಿಲ್ಲ. ತರಕಾರಿ ಹೆಚ್ಚುತ್ತಿದ್ದ ಹೆಂಗಸನ್ನು ಕೇಳಿದಳು. ಎಲ್ಲರೂ ಆಕೆಯನ್ನು ಚಿಕ್ಕಮ್ಮ ಅನ್ನುತ್ತಿದ್ದರು. ಯಾರ ಚಿಕ್ಕಮ್ಮ ಎಂದು ಯಾರಿಗೂ ಗೊತ್ತಿರಲಿಲ್ಲ.

"ಅದಾ? ಇಷ್ಟ ಇಲ್ಲದ್ದು ಅಂತ," ಅಂದರು ಚಿಕ್ಕಮ್ಮ, ಚಾಕು ನಿಲ್ಲಿಸದೆ. "ಹೋಗಿ ಒಬ್ಬೊಬ್ಬರನ್ನೇ ಕೇಳ್ಕೊಂಡು ಬಾ, ನಿಮಗೇನು ಇಷ್ಟ ಇಲ್ಲ ಅಂತ."

ಅವಳು ಕೇಳಿಕೊಂಡು ಬಂದಳು. ನಲವತ್ತೆರಡು ಮಂಚ. ಹೇಳಿದ್ದನ್ನು ಹೇಳಿದ ಹಾಗೇ ಬರೆದಳು, ಒಂದಕ್ಷರ ಬಿಡದೆ. ಚೀಟಿಗಳು ಮೊಳೆಗೇರಿದವು. ಮುಖ್ಯ ಅಡುಗೆಯವರು ಕನ್ನಡಕ ಏರಿಸಿ ಓದತೊಡಗಿದರು. ಅವರ ಕೈಯಲ್ಲಿ ಸದಾ ಒಂದು ಸೌಟು; ಮಾತಾಡುವಾಗಲೂ ಅದರಿಂದಲೇ ಬೆರಳು ತೋರಿಸಿದ ಹಾಗೆ ತೋರಿಸುತ್ತಿದ್ದುದರಿಂದ ಸೌಟಣ್ಣ ಎಂದೇ ಹೆಸರು.

"ಒಂಬತ್ತನೇ ಮಂಚ: ಸೂಜಿ. ಹತ್ತು: ಪಕ್ಕದೋನ ಗೊರಕೆ. ಹನ್ನೊಂದು..." ಸೌಟಣ್ಣ ನಿಲ್ಲಿಸಿ ಸೌಟಿನಿಂದ ಎಲ್ಲರನ್ನೂ ಕರೆದರು. "ಇಲ್ಲಿ ಕೇಳ್ರಪ್ಪಾ! ಹನ್ನೊಂದನೇ ಮಂಚಕ್ಕೆ ಸೊಸೆ ಆಗಲ್ಲವಂತೆ. ಅಡುಗೇಲಿ ಸೊಸೆ ಹಾಕಬೇಡಿ. ಉಳಿದದ್ದೆಲ್ಲಾ ಹಾಕಬಹುದು!"

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಅವಳ ಕಿವಿ ಬಿಸಿಯಾಯಿತು. ಆಗಲೇ ಮೆಟ್ಟಿಲ ಮೇಲೆ ಬಿಳಿ ಬೂಟಿನ ಸದ್ದಾಗಿ ನಗು ತಟ್ಟನೆ ನಿಂತಿತು. ದೊಡ್ಡ ಸಿಸ್ಟರ್ ಇಳಿದು ಬಂದರು. ರೋಗಿಗಳ ಊಟದ ಉಸ್ತುವಾರಿ ಅವರದು. ಬಿದಿರು ಗಳುವಿನಂಥ ಮೈ, ಎದೆಗೆ ಪಿನ್ನು ಹಾಕಿ ತೂಗಿಬಿಟ್ಟ ಗಡಿಯಾರ, ಯಾರನ್ನೂ ಎರಡು ಸಲ ಕರೆಯದ ಗಂಟಲು. ಅವರು ಚೀಟಿಗಳನ್ನು ಒಂದೊಂದಾಗಿ ಓದಿದರು. ನಗಲಿಲ್ಲ.

"ಬಾ ನನ್ನ ಜೊತೆ," ಅಂದರು.

ವಾರ್ಡಿನ ಬಾಗಿಲಲ್ಲಿ ನಿಂತು ಅವರು ಕೊಟ್ಟ ಪಾಠ ಅವಳಿಗೆ ಇವತ್ತಿಗೂ ಬಾಯಿಪಾಠ.

"ಇಷ್ಟ ಇಲ್ಲ ಅನ್ನೋದು ನಾಲಿಗೆ ಮಾತು. ಇವತ್ತು ಇಲ್ಲ, ನಾಳೆ ಇದೆ. ಸಿಟ್ಟು ಅಂದ್ರೆ ಅದಕ್ಕೊಂದು ಕಾರಣ ಇರುತ್ತೆ. ಇದು ಎರಡೂ ಅಲ್ಲ. ಮನಸ್ಸು ತಿನ್ನು ತಿನ್ನು ಅಂದ್ರೂ ಮೈ ಮುಖ ತಿರುಗಿಸಿಬಿಡುತ್ತಲ್ಲ, ಅದು. ತಿಳೀತಾ?"

"ತಿಳೀತು ಸಿಸ್ಟರ್."

"ಯಾಕೆ ಅಂತ ಕೇಳಬಾರದು. ಕೇಳಿದ್ರೆ ಅವರಿಗೆ ನಾಚಿಕೆ ಆಗುತ್ತೆ. ಸುಮ್ನೆ ಬರ್ಕೊಂಡು ಬರಬೇಕು. ಇನ್ನೊಂದು. ನಂಗೇನೂ ಇಲ್ಲಮ್ಮ, ಎಲ್ಲಾ ಆಗುತ್ತೆ ಅಂತಾರೆ ನೋಡು, ಅವರನ್ನ ಮಾತ್ರ ನಂಬಬೇಡ. ಪಾಪ, ಸಂಕೋಚದೋರು. ಬಾಯಿ ಕೇಳಬೇಡ, ಮುಚ್ಚಳ ತೆಗೆದಾಗ ಮುಖ ನೋಡು."

ಕೊನೆಯ ಕಲಂ ಖಾಲಿ ಬಿಟ್ಟ ಚೀಟಿ ಬಂದರೆ ಸಿಸ್ಟರ್ ಅದನ್ನು ಹರಿದು ಕೈಗೆ ಕೊಡುತ್ತಿದ್ದರು. ಹೊಸ ಚೀಟಿ ಹಿಡಿದು ಅವಳು ಮತ್ತೆ ಮೆಟ್ಟಿಲು ಹತ್ತಬೇಕು. ಮೊದಲ ತಿಂಗಳು ಹಾಗೆ ಹತ್ತಿ ಇಳಿದು ಮೀನಖಂಡ ಕಲ್ಲಾಯಿತು. ಆಮೇಲಾಮೇಲೆ ಕಣ್ಣು ಪಳಗಿತು. ಹಾಲಿನ ಕೆನೆ ಕಂಡರೆ ಕುತ್ತಿಗೆ ಹಿಂದಕ್ಕೆ ಹೋಗುವವರು, ಬೆಂದ ಕೋಸಿನ ವಾಸನೆಗೆ ಹೊದಿಕೆ ಮೂಗಿನ ಮೇಲೆ ಎಳೆದುಕೊಳ್ಳುವವರು, ಮೊಟ್ಟೆಯ ಹಳದಿಯನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ಗಡೀಪಾರು ಮಾಡುವವರು. ಒಬ್ಬ ಪೈಲ್ವಾನನಂಥ ಗಂಡಸು, ಎರಡೂ ತೋಳಿಗೆ ಹಚ್ಚೆ, ಬಾಳೆಹಣ್ಣಿಗೆ ಹೆದರುತ್ತಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ. ಬರೆದುಕೊಂಡಳು. ಅವನು ಅವಳ ಕಡೆ ನೋಡಿದ ನೋಟದಲ್ಲಿ ಎಷ್ಟು ನಿರಾಳ ಇತ್ತೆಂದರೆ, ಈ ಕೆಲಸ ಚಿಕ್ಕದಲ್ಲ ಅನ್ನಿಸಿಬಿಟ್ಟಿತು.

ಪದ ಅಷ್ಟಕ್ಕೇ ನಿಲ್ಲಲಿಲ್ಲ. ಅಡುಗೆಮನೆಯ ಮಂದಿ ಅದನ್ನು ತಮ್ಮದೇ ಮಾಡಿಕೊಂಡುಬಿಟ್ಟರು. ಸೌಟಣ್ಣನಿಗೆ ಸೋಮವಾರ ಅವರ್ಷನ್. ಪಾತ್ರೆ ತೊಳೆಯುವವನಿಗೆ ತಳ ಹತ್ತಿದ ಹಂಡೆ ಅವರ್ಷನ್. ಒಂದು ದಿನ ಚಿಕ್ಕಮ್ಮ ಕ್ಯಾರೆಟ್ ಹೆಚ್ಚುತ್ತಾ, "ನನ್ನ ಮೈದುನ ಇದ್ದಾನಲ್ಲ, ಅವನು ನಂಗೆ ಅವರ್ಷನ್ನು ಕಣ್ರೇ," ಅಂದರು.

ಹಿಂದೆ ನಿಂತಿದ್ದ ದೊಡ್ಡ ಸಿಸ್ಟರ್ ಕೇಳಿದರು, "ಅವನೆಲ್ಲಿದಾನೆ?"

"ನಮ್ಮನೇಲೇ ಸಿಸ್ಟರ್. ಎಲ್ಲಿಗೆ ಹೋಗ್ತಾನೆ?"

"ಊಟಕ್ಕೆ ಯಾರು ಬಡಿಸ್ತಾರೆ?"

"ನಾನೇ."

"ನೀನು ಅವನ ಎದುರು ಕೂತು ಉಣ್ತೀಯ?"

"ಇಲ್ದೆ? ನಾನೊಬ್ಬಳು ಉಪವಾಸ ಬೀಳಲಾ ಅವನ ಸಲುವಾಗಿ?"

"ಹಾಗಾದ್ರೆ ಅದು ಅವರ್ಷನ್ ಅಲ್ಲ. ಬರೀ ಜಗಳ," ಅಂದು ಸಿಸ್ಟರ್ ಮೆಟ್ಟಿಲು ಹತ್ತಿದರು. ಚಿಕ್ಕಮ್ಮನಿಗೆ ಸ್ವಲ್ಪ ಬೇಸರವೇ ಆಯಿತು. ಅಷ್ಟು ದೊಡ್ಡ ಪದ ಮೈದುನನಿಗೆ ದಕ್ಕಲಿಲ್ಲವಲ್ಲ ಎಂದು.

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಗೂ ಕಲಿಸಿದಳು. ಅವನು, "ನಿನ್ನ ತಮ್ಮ ಬಂದು ನನ್ನ ಕುರ್ಚೀಲಿ ಕೂರೋದು ನಂಗೆ ಅವರ್ಷನ್," ಅಂದ. "ಅದಕ್ಕೆ ಹೊಟ್ಟೆಕಿಚ್ಚು ಅಂತಾರೆ," ಅಂದಳು ಅವಳು. ಹೀಗೆ ಆ ಪದ ಮನೆ ಮಾತಾಯಿತು.

ಆ ಅಡುಗೆಮನೆಗೆ ಹೆಸರು ತಂದದ್ದು ಸಿಹಿಗುಂಬಳದ ಸೂಪು. ಆಸ್ಪತ್ರೆಯ ಹಿತ್ತಿಲಲ್ಲಿ ಕುಂಬಳದ ಬಳ್ಳಿ ಯಾರೂ ಕೇಳದೆ ಹಬ್ಬಿ ಬಿದ್ದಿತ್ತು. ದೊಡ್ಡ ಸಿಸ್ಟರ್ ಮತ್ತು ಸೌಟಣ್ಣ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಆ ವರ್ಷವೇ ಸಿಸ್ಟರ್ ಲೆಕ್ಕ ಹಾಕಿ, ಸೌಟಣ್ಣ ಕೈಯಾಡಿಸಿ, ಇಬ್ಬರೂ ಸೇರಿ ಮಾಡಿದ ಸೂಪು ಅದು. ಹೊಟ್ಟೆಗೆ ಹಗುರ, ಹಲ್ಲು ಬೇಡ, ಮಕ್ಕಳಿಂದ ಮುದುಕರ ತನಕ ಎಲ್ಲರಿಗೂ ಸಲ್ಲುತ್ತದೆ. ಆಪರೇಷನ್ ಆದವರಿಗೆ ಮೊದಲ ಗುಟುಕು ಅದೇ. ಮೆತ್ತಗಿನ ಪಥ್ಯ ಎಂದು ಬರೆದರೆ ಅನ್ನವನ್ನೂ ಅದರಲ್ಲೇ ಕಲಸುತ್ತಿದ್ದರು, ಬ್ರೆಡ್ಡನ್ನೂ ಅದರಲ್ಲೇ ನೆನೆಸುತ್ತಿದ್ದರು. ಮನೆಗೆ ಹೋದವರು ಮತ್ತೆ ಬಂದು, ಆ ಸೂಪು ಹೇಗೆ ಮಾಡೋದು ಎಂದು ಕೇಳುತ್ತಿದ್ದರು. ಸೌಟಣ್ಣ ಹೇಳುತ್ತಿದ್ದರು, ಆದರೆ ಒಂದು ಸಾಮಾನು ಬಿಟ್ಟು.

ಇನ್ನೊಂದು ಪದ್ಧತಿ ಇತ್ತು. ರುಚಿ ಪುಸ್ತಕ ಅನ್ನುತ್ತಿದ್ದರು. ದಿನಾ ಬೆಳಗ್ಗೆ ಹತ್ತಕ್ಕೆ ಸಿಸ್ಟರ್ ಪ್ರತಿ ಪಾತ್ರೆಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡು, ಆ ಉದ್ದನೆ ಪುಸ್ತಕದಲ್ಲಿ ಬರೆದು ರುಜು ಹಾಕಬೇಕು. ಆಮೇಲೇ ಊಟ ಮೇಲಕ್ಕೆ ಹೋಗುವುದು. ಆ ಹತ್ತು ನಿಮಿಷ ಅಡುಗೆಮನೆಯಲ್ಲಿ ಯಾರೂ ಕೆಮ್ಮುತ್ತಲೂ ಇರಲಿಲ್ಲ.

ಅವಳು ಕೆಲಸಕ್ಕೆ ಸೇರಿ ಹನ್ನೊಂದನೇ ವರ್ಷ. ಒಂದು ಮಂಗಳವಾರ ರುಚಿ ನೋಡಲು ಬೂಟಿನ ಸದ್ದು ಬರಲಿಲ್ಲ. ದೊಡ್ಡ ಸಿಸ್ಟರ್ ಕಾರಿಡಾರಿನಲ್ಲಿ ಕುಸಿದುಬಿದ್ದಿದ್ದರು. ಕರುಳಿನ ತೊಂದರೆ. ಯಾರಿಗೂ ಹೇಳದೆ ಎಷ್ಟೋ ತಿಂಗಳಿಂದ ನೋವು ನುಂಗಿಕೊಂಡಿದ್ದರಂತೆ. ಅವತ್ತೇ ಆಪರೇಷನ್ ಆಯಿತು. ಆಪರೇಷನ್ ಸುಸೂತ್ರ, ಆದರೆ ಆಮೇಲೆ ಅವರು ಊಟ ಮಾಡಲಿಲ್ಲ. ಒಂದು ಚಮಚ, ಎರಡು ಚಮಚ, ಸಾಕು ಎಂದು ಕೈ ಎತ್ತಿಬಿಡುತ್ತಿದ್ದರು. ಮೊದಲೇ ಬಿದಿರು ಗಳುವಿನ ಮೈ, ಈಗ ಕಡ್ಡಿ. ಹೊಲಿಗೆ ಕೂಡಬೇಕಾದರೆ ಮೈಯಲ್ಲಿ ಏನಾದರೂ ಇರಬೇಕಲ್ಲ.

ಅವರಿಗೆ ಗಂಡ ಮಕ್ಕಳು ಇರಲಿಲ್ಲ. ತಂಗಿಯ ಮಗಳು ಬಂದು ಪಕ್ಕದಲ್ಲಿ ಕೂತಿದ್ದಳು, ಯಾವುದೋ ಅಂಗಡಿಯಲ್ಲಿ ಗುಮಾಸ್ತೆ, ರಜಾ ಹಾಕಿ ಬಂದವಳು. ಚೀಟಕ್ಕ ಅವಳನ್ನೇ ಕೇಳಿದಳು.

"ದೊಡ್ಡಮ್ಮಂಗೆ ಏನು ಆಗಲ್ಲ, ಗೊತ್ತೇನಮ್ಮ?"

"ಅವರಿಗೆ ಎಲ್ಲಾ ಆಗುತ್ತಕ್ಕ. ನಮ್ಮನೆಗೆ ಬಂದಾಗ ಏನು ಹಾಕಿದ್ರೂ ತಿಂದು, ತಟ್ಟೇನೂ ತೊಳೆದಿಟ್ಟು ಹೋಗ್ತಾರೆ. ಮನೆಯಿಂದ ಏನಾದ್ರೂ ಮಾಡ್ಕೊಂಡು ಬರ್ಲಾ ಅಂದ್ರೆ, ಹೊರಗಿನ ಊಟ ವಾರ್ಡಿಗೆ ತರಬಾರದು, ರೂಲ್ಸು ಅಂತಾರೆ. ಆ ರೂಲ್ಸ್ ಮಾಡಿದ್ದು ಯಾರು?"

"ಅವರೇ."

"ಅದನ್ನೇ ಹೇಳ್ದೆ. ಇವರ ಜೊತೆ ಏಗೋದು ಹೇಗೆ?"

ಚೀಟಿ ಹಿಡಿದು ಮಂಚದ ಹತ್ತಿರ ಹೋದರೆ ಸಿಸ್ಟರ್ ಕಣ್ಣು ಮುಚ್ಚಿಕೊಂಡೇ, "ನಂಗೇನೂ ಇಲ್ಲ ಚೀಟಿ. ಎಲ್ಲಾ ಆಗುತ್ತೆ," ಅಂದರು. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಇವರೇ ಚೀಟಿ ಹರಿಯುತ್ತಿದ್ದರು. ಹರಿಯುವವರೇ ಮಲಗಿರುವಾಗ ಯಾರು ಹರಿಯಬೇಕು? ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೊನೆಯ ಕಲಂ ಖಾಲಿ ಇದ್ದ ಒಂದು ಚೀಟಿ ಮೊಳೆ ಏರಿತು.

ಕೆಳಗೆ ಅಡುಗೆಮನೆಯವರು ತಮ್ಮ ಪ್ರಾಣವನ್ನೇ ಆ ಒಂದು ಬಟ್ಟಲಿಗೆ ಇಳಿಸುತ್ತಿದ್ದರು. ಅವರಿಗೆ ಗೊತ್ತಿದ್ದ ಅತ್ಯುತ್ತಮ ವಸ್ತು ಒಂದೇ, ಸೂಪು. ಎಳೆಯ ಕುಂಬಳ ಆರಿಸಿ, ಚಿಕ್ಕಮ್ಮ ಸಿಪ್ಪೆಯ ಹಸಿರು ಗೆರೆ ಒಂದೂ ಉಳಿಯದ ಹಾಗೆ ಹೆರೆದು, ಸೌಟಣ್ಣ ಬಟ್ಟೆಯಲ್ಲಿ ಎರಡು ಸಲ ಸೋಸಿ, ಮೇಲೆ ಬೆಣ್ಣೆ ಬಿಟ್ಟು ಕಳಿಸಿದರು. ಬಟ್ಟಲು ತುಂಬಿದ್ದು ತುಂಬಿದ ಹಾಗೇ ವಾಪಸ್ಸು ಬಂತು. ಮರುದಿನ ಇನ್ನೂ ನಯವಾಗಿ ಮಾಡಿದರು. ಅದೂ ವಾಪಸ್ಸು. ಮೂರನೇ ದಿನ ಸೌಟಣ್ಣ ಯಾರಿಗೂ ಹೇಳದಿದ್ದ ಆ ಒಂದು ಸಾಮಾನನ್ನು ಎರಡರಷ್ಟು ಹಾಕಿದರು. ಕಟ್ಟಿಗೆಯ ಚಮಚ ಇಟ್ಟರೆ ನಿಲ್ಲುವಷ್ಟು ಗಟ್ಟಿ, ಬಂಗಾರದ ಬಣ್ಣ. ಆ ಬಟ್ಟಲೂ ವಾಪಸ್ಸು ಬಂತು, ಬರುವಾಗ ಮೇಲೆ ಕೆನೆ ಕಟ್ಟಿತ್ತು, ಅಷ್ಟೇ.

ಆ ದಿನ ಮಧ್ಯಾಹ್ನ ಡಾಕ್ಟರು ತಂಗಿಯ ಮಗಳಿಗೆ ಹೇಳಿದರು: ನಾಳೆ ಸಂಜೆಯೊಳಗೆ ಬಾಯಿಂದ ಊಟ ಹೋಗದಿದ್ದರೆ ಮೂಗಿನಿಂದ ಟ್ಯೂಬು. ಅವಳು ಅಳುತ್ತಾ ಮೆಟ್ಟಿಲಿಳಿದು ಬಂದು ಅಡುಗೆಮನೆಗೆ ಹೇಳಿದಳು. ಟ್ಯೂಬು ಹಾಕಿದರೆ ಅಡುಗೆಮನೆ ಸೋತ ಹಾಗೆ ಎಂದು ಸಿಸ್ಟರೇ ಅವರಿಗೆ ಕಲಿಸಿದ್ದರು. ಅದೀಗ ಸಿಸ್ಟರಿಗೇ ಬರುವಂತಾಯಿತು.

"ನಮ್ಮ ಸೂಪಲ್ಲಿ ದೋಷ ಇಲ್ಲ," ಅಂದರು ಸೌಟಣ್ಣ. "ಬೇಕಾದ್ರೆ ರುಚಿ ಪುಸ್ತಕ ತೆಗೆದು ನೋಡಿ. ಇಪ್ಪತ್ತಾರು ವರ್ಷ. ಒಂದು ದಿನ, ಒಂದೇ ಒಂದು ದಿನಾನೂ ಅದಕ್ಕೆ ತಪ್ಪು ಬರೆದಿಲ್ಲ ಆಯಮ್ಮ. ಬೇರೆ ಎಲ್ಲದಕ್ಕೂ ಬರೆದಿದಾರೆ. ನನ್ನ ಸೂಪಿಗೆ ಮಾತ್ರ ಇಲ್ಲ."

ಸೌಟಣ್ಣನ ಇಡೀ ಬಾಳಿನ ಹೆಮ್ಮೆ ಅದು. ಮಗಳ ಮದುವೆಯಲ್ಲೂ ಬೀಗರ ಮುಂದೆ ಅದನ್ನೇ ಹೇಳಿಕೊಂಡಿದ್ದರು. ಚೀಟಕ್ಕ ಅವರ ಸಮಾಧಾನಕ್ಕೆಂದು ಪುಸ್ತಕ ತೆಗೆದಳು. ಕಪಾಟಿನಲ್ಲಿ ಹಳೆಯವೂ ಇದ್ದವು, ಬೆನ್ನು ಬಿಟ್ಟವು, ಎಣ್ಣೆ ಕುಡಿದವು. ಒಂದೊಂದೇ ಹಾಳೆ ತಿರುವಿದಳು. ಸಿಸ್ಟರ್ ಕೈಬರಹ ಇರುವೆ ಸಾಲಿನ ಹಾಗೆ. ಅನ್ನ: ತಳ ಹಿಡಿದ ವಾಸನೆ. ಬೇಳೆ: ಇನ್ನೂ ಹತ್ತು ನಿಮಿಷ ಬೇಯಬೇಕು. ಕೋಸು: ಉಪ್ಪು ಜಾಸ್ತಿ, ಯಾರ ಮೇಲೆ ಸಿಟ್ಟು? ಆಲೂಗಡ್ಡೆ: ಚೆನ್ನಾಗಿದೆ, ಆದರೆ ನಿನ್ನೆ ಇನ್ನೂ ಚೆನ್ನಾಗಿತ್ತು. ಹಾಲು: ನೀರು ಯಾರು ಹಾಕಿದ್ದು? ಮತ್ತೆ ಸೂಪು: ಸರಿ. ಮರುದಿನ ಸೂಪು: ಸರಿ. ಅದರ ಮರುದಿನ: ಸರಿ. ಹಾಳೆ ಹಾಳೆಗೂ, ಪುಸ್ತಕ ಪುಸ್ತಕಕ್ಕೂ.

ಓದುತ್ತಾ ಓದುತ್ತಾ ಅವಳ ಕೈ ನಿಧಾನವಾಯಿತು. ಹೋದ ವರ್ಷ ಮಳೆಗಾಲದಲ್ಲಿ ಒಂದು ದಿನ ಸೂಪು ನಿಜವಾಗಿಯೂ ಹಾಳಾಗಿತ್ತು. ಹೊಸಬನೊಬ್ಬ ಉಪ್ಪಿನ ಬದಲು ಸಕ್ಕರೆ ಸುರಿದಿದ್ದ. ವಾರ್ಡಿನಿಂದ ದೂರು ಬಂದ ಮೇಲೆ ಗೊತ್ತಾಗಿದ್ದು. ಆ ದಿನದ ಹಾಳೆ ಹುಡುಕಿದಳು. ಸಿಕ್ಕಿತು. ಸೂಪು: ಸರಿ.

ಅವಳು ಪುಸ್ತಕ ಮುಚ್ಚಿದಳು. ಅವಳ ಗಂಡನಿಗೆ ಅವಳು ಮಾಡುವ ಚಹಾ ಪ್ರಾಣ. ಅದಕ್ಕೇ ದಿನಾ ಒಂದು ಕೊಂಕು ತೆಗೆಯುತ್ತಾನೆ, ಇವತ್ತು ಕಡಕ್ಕಾಯ್ತು, ಇವತ್ತು ತಣ್ಣಗಾಯ್ತು ಎಂದು. ಬಾಯಲ್ಲಿಟ್ಟುಕೊಂಡು ರುಚಿ ಹೀರಿದವನಿಗಲ್ಲವೇ ಕೊಂಕು ಗೊತ್ತಾಗುವುದು. ಈ ಸೂಪನ್ನು ಸಿಸ್ಟರ್ ಬಾಯಲ್ಲಿ ಇಟ್ಟುಕೊಂಡೇ ಇಲ್ಲ. ಔಷಧದ ಹಾಗೆ ಉಸಿರು ಹಿಡಿದು ನುಂಗಿ, 'ಸರಿ' ಎಂದು ಬರೆದು ಹೋಗಿದ್ದಾರೆ. ಇಪ್ಪತ್ತಾರು ವರ್ಷ, ದಿನಾ ಒಂದು ಚಮಚ.

ಸೌಟಣ್ಣನಿಗೆ ಏನೂ ಹೇಳಲಿಲ್ಲ. ಹೇಗೆ ಹೇಳುವುದು?

ಮರುದಿನ ಬೆಳಗ್ಗೆ ಎರಡು ಬಟ್ಟಲು, ಎರಡಕ್ಕೂ ಮುಚ್ಚಳ ಹಾಕಿ, ತಟ್ಟೆಯಲ್ಲಿಟ್ಟುಕೊಂಡು ಮೇಲೆ ಹೋದಳು. ತಂಗಿಯ ಮಗಳನ್ನು ಮುಖ ತೊಳೆದುಕೊಂಡು ಬಾ ಎಂದು ಕಳಿಸಿದಳು. ಮೊದಲ ಮುಚ್ಚಳ ತೆಗೆದಳು. ಬೇಯಿಸಿ ಕಿವುಚಿದ ಆಲೂಗಡ್ಡೆ. ಸಿಸ್ಟರ್ ಮುಖ ಇದ್ದ ಹಾಗೇ ಇತ್ತು. ಎರಡನೆಯದನ್ನು ತೆಗೆದಳು. ಸೂಪಿನ ಸಿಹಿ ವಾಸನೆ ಎದ್ದಿತು. ಸಿಸ್ಟರ್ ಮುಖ ಆಗಲೂ ಹಾಗೇ ಇತ್ತು, ಕಲ್ಲಿನಲ್ಲಿ ಕಡೆದ ಹಾಗೆ. ಅಭ್ಯಾಸವಾದ ಮುಖ ಅದು. ಆದರೆ ಹೊದಿಕೆಯಿಂದ ಹೊರಗಿದ್ದ ಕಾಲಿನ ಹೆಬ್ಬೆರಳು ಎರಡೂ ಮಡಚಿಕೊಂಡವು.

ಅವಳು ಸೂಪಿಗೆ ಮುಚ್ಚಳ ಹಾಕಿ ಕಿಟಕಿಯ ಆಚೆ ಇಟ್ಟು ಬಂದಳು. ಕಿವಿಯಿಂದ ಪೆನ್ಸಿಲ್ ತೆಗೆದಳು.

"ಚೀಟಿ ಖಾಲಿ ಇದೆ ಸಿಸ್ಟರ್."

"ಏನೂ ಇಲ್ಲ ಅಂದ್ನಲ್ಲ."

"ಹಾಗಂತ ಬರ್ಕೊಂಡು ಹೋದ್ರೆ ನೀವು ಏನು ಮಾಡ್ತಿದ್ರಿ, ಹೇಳಿ."

ಅವಳೇ ಕೊನೆಯ ಕಲಂನಲ್ಲಿ ಬರೆದಳು, ದಪ್ಪ ಅಕ್ಷರದಲ್ಲಿ, ಅವರ ಕಣ್ಣಿಗೆ ಕಾಣುವ ಹಾಗೆ ಹಿಡಿದಳು. ಸಿಹಿಗುಂಬಳದ ಸೂಪು. ಸಿಸ್ಟರ್ ಅದನ್ನು ಓದಿ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಗೋಡೆಗೇ ಹೇಳಿದ ಹಾಗೆ ಹೇಳಿದರು.

"ಸಾವಿರಾರು ಜನಕ್ಕೆ ಬಲವಂತ ಮಾಡಿ ಕುಡಿಸಿದ್ದೀನಿ ಕಣೇ. ಚಮಚ ಹಿಡಿದು ನಿಂತು ಕುಡಿಸಿದ್ದೀನಿ. ನಂಗೇ ಆಗಲ್ಲ ಅಂತ ಹೇಳೋಕೆ ನಾಚಿಕೆ ಆಗಲ್ವಾ?"

"ಆಗಲ್ಲ ಅಂದೋರಿಗೆ ನೀವು ಯಾವತ್ತೂ ಕುಡಿಸಿಲ್ಲ. ಚೀಟಿ ಬರೀತಿದ್ದೋಳು ನಾನು. ನಂಗೊತ್ತಿಲ್ವಾ?"

ಸಿಸ್ಟರ್ ತಿರುಗಿ ಅವಳನ್ನು ನೋಡಿದರು.

"ಒಂದು ಕೇಳ್ತೀನಿ, ಬೈಬೇಡಿ," ಅಂದಳು ಅವಳು. "ಮನಸ್ಸು ತಿನ್ನು ಅಂದ್ರೂ ಮೈ ಒಪ್ಪಲ್ಲ ಅಂತ ನೀವೇ ಹೇಳಿಕೊಟ್ರಿ. ಮತ್ತೆ ಇಷ್ಟು ವರ್ಷ ಹೇಗೆ ನುಂಗಿದ್ರಿ?"

"ಡ್ಯೂಟೀಲಿದ್ದೆ," ಅಂದರು ಸಿಸ್ಟರ್. ಅದು ಸಾಕಾಗಲಿಲ್ಲವೇನೋ, ಮತ್ತೆ ಅಂದರು, "ಯೂನಿಫಾರ್ಮ್ ಹಾಕ್ಕೊಂಡ್ರೆ ಎಲ್ಲಾ ಗಂಟಲಲ್ಲಿ ಇಳಿಯುತ್ತೆ. ಈ ಆಸ್ಪತ್ರೆ ಗೌನ್ ಹಾಕಿದ್ದೇ ತಡ, ಇಳೀಲಿಲ್ಲ ನೋಡು. ನಾನು ಪ್ರಯತ್ನ ಪಟ್ಟೆ ಚೀಟಿ. ಆಣೆ ಮಾಡಿ ಹೇಳ್ತೀನಿ, ಪ್ರಯತ್ನ ಪಟ್ಟೆ."

ಅವಳಿಗೆ ಕಣ್ಣು ತುಂಬಿತು. ಯಾಕೆ ಆಗಲ್ಲ ಎಂದು ಕೇಳಲಿಲ್ಲ. ಆಲೂಗಡ್ಡೆಯ ಬಟ್ಟಲು ಹತ್ತಿರ ಸರಿಸಿ ಚಮಚ ಕೈಗೆ ಕೊಟ್ಟಳು. ಸಿಸ್ಟರ್ ಒಂದು ಚಮಚ ತಿಂದರು. ತಡೆದರು. ಇನ್ನೊಂದು ತಿಂದರು. ಬಟ್ಟಲು ಅರ್ಧವಾಗುವ ತನಕ ಚಮಚ ಪಿಂಗಾಣಿಗೆ ತಾಗುವ ಸದ್ದು ಮಾತ್ರ. ಮುಖ ತೊಳೆದು ಬಂದ ತಂಗಿಯ ಮಗಳು ಬಾಗಿಲಲ್ಲೇ ನಿಂತುಬಿಟ್ಟಳು.

"ಆ ಚೀಟಿ ಕೆಳಗೆ ಕಳಿಸಬೇಡ," ಅಂದರು ಸಿಸ್ಟರ್ ಕೊನೆಗೆ. "ಅವನಿಗೆ ಗೊತ್ತಾದ್ರೆ ಎದೆ ಒಡ್ಕೊಳ್ತಾನೆ."

"ಚೀಟಿ ಕೆಳಗೆ ಹೋಗ್ದೆ ಮಧ್ಯಾಹ್ನ ನಿಮಗೆ ಊಟ ಬರೋದು ಹೇಗೆ ಸಿಸ್ಟರ್? ಅನ್ನಾನೂ ಸೂಪಲ್ಲೇ ಕಲಸಿ ಕಳಿಸ್ತಾರೆ."

ಸಿಸ್ಟರ್ ಹೋಗು ಎಂದು ಕೈಯಾಡಿಸಿದರು. ಅವರ ನಿಯಮ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು.

ಹದಿನಾಲ್ಕು ಮೆಟ್ಟಿಲು ಅವತ್ತಿನಷ್ಟು ಉದ್ದ ಯಾವತ್ತೂ ಅನ್ನಿಸಿರಲಿಲ್ಲ. ಅವಳು ಚೀಟಿಯನ್ನು ಮೊಳೆಗೆ ಚುಚ್ಚಲಿಲ್ಲ, ಸೌಟಣ್ಣನ ಕೈಗೇ ಕೊಟ್ಟಳು. ಅವರು ಕನ್ನಡಕ ಏರಿಸಿ ಓದಿದರು. ಮತ್ತೊಮ್ಮೆ ಓದಿದರು. ಸೌಟನ್ನು ಕೆಳಗಿಟ್ಟರು. ಸೌಟಿಲ್ಲದ ಅವರ ಕೈಯನ್ನು ಅವಳು ನೋಡಿದ್ದು ಅದೇ ಮೊದಲು. ಏನು ಮಾಡಬೇಕೆಂದು ಗೊತ್ತಾಗದೆ ಅದು ಏಪ್ರನ್ನಿನ ಅಂಚನ್ನು ಹಿಡಿದುಕೊಂಡಿತು.

"ಒಂದು ದಿನ ಹೇಳಿದ್ರೆ ಆಗ್ತಿರಲಿಲ್ವಾ?" ಅಂದರು. "ನಾನೇನು ಹುಲಿಯಾ?"

"ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತಲೇ, ಅಣ್ಣ."

"ನೋವಾಗುತ್ತೆ ಮತ್ತೆ! ಆಗ್ದೆ ಇರುತ್ತಾ?" ಎಂದು ಗದರಿದರು. ಚಿಕ್ಕಮ್ಮ ಚಾಕು ನಿಲ್ಲಿಸಿ ನೋಡುತ್ತಿದ್ದರು. ಪಾತ್ರೆ ತೊಳೆಯುವವನು ನಲ್ಲಿ ನಿಲ್ಲಿಸಿದ. ಸೌಟಣ್ಣ ಒಲೆಯ ಕಡೆ ತಿರುಗಿದರು. ಮೂರು ದಿನ ತಾವು ಏನನ್ನು ಸೋಸಿ ಸೋಸಿ ಕಳಿಸಿದೆವು ಎಂದು ನೆನಪಾಗಿರಬೇಕು, ಮುಖ ಸಣ್ಣದಾಯಿತು.

"ತಿಂದ್ರಾ?" ಅಂದರು ಆಮೇಲೆ, ಮೆಲ್ಲಗೆ.

"ಅರ್ಧ ಬಟ್ಟಲು. ಆಲೂಗಡ್ಡೆ."

"ಮತ್ತೆ ನಿಂತ್ಕೊಂಡು ಏನು ನೋಡ್ತಾ ಇದ್ದೀಯ? ಚಿಕ್ಕಮ್ಮ, ನಾಲ್ಕು ಆಲೂಗಡ್ಡೆ ಕೊಡಿ. ಹೊಸಾ ಪಾತ್ರೆ ಇಡಿ, ಸೂಪಿನ ಪಾತ್ರೆ ಬೇಡ."

ಆ ಸಂಜೆ ಟ್ಯೂಬು ಬರಲಿಲ್ಲ. ಮೂರನೆಯ ದಿನಕ್ಕೆ ಸಿಸ್ಟರ್ ಎದ್ದು ಕೂತರು. ಐದನೆಯ ದಿನ, ಊಟದ ಗಾಡಿ ತಳ್ಳಿಕೊಂಡು ಚೀಟಕ್ಕ ವಾರ್ಡಿಗೆ ಬಂದಾಗ, ಬಾಗಿಲಲ್ಲಿ ಸೌಟಣ್ಣ ನಿಂತಿದ್ದರು. ಏಪ್ರನ್ ಇಲ್ಲ, ತಲೆ ಬಾಚಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವರು ಆ ಮೆಟ್ಟಿಲು ಹತ್ತಿ ವಾರ್ಡಿಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಒಳಗೆ ಹೋಗಲೋ ಬೇಡವೋ ಎಂದು ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ.

"ಒಳಗೆ ಬಾರಪ್ಪ, ಗಾಳಿ ಬರ್ತಿದೆ," ಅಂದರು ದೊಡ್ಡ ಸಿಸ್ಟರ್.

ಅವರು ಹೋಗಿ ಸ್ಟೂಲಿನ ತುದಿಯಲ್ಲಿ ಕೂತರು. ನೆಲ ನೋಡುತ್ತಾ ಕೇಳಿದರು, "ಸೂಪು ನಿಲ್ಲಿಸಿಬಿಡಲಾ ಸಿಸ್ಟರ್?"

"ಯಾಕೆ ನಿಲ್ಲಿಸ್ತೀಯ? ಜನ ಕೇಳಿ ಕೇಳಿ ಕುಡೀತಾರೆ. ಒಳ್ಳೇ ಸೂಪು ಅದು."

"ಅದು ನಿಮಗೆ ಹೇಗೆ ಗೊತ್ತು?"

ಸಿಸ್ಟರ್ ಭುಜ ಅಲುಗಿತು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನಗಿಸಬೇಡವೋ, ನೋಯುತ್ತೆ," ಅನ್ನುತ್ತಾ ನಗತೊಡಗಿದರು. ದೊಡ್ಡ ಸಿಸ್ಟರ್ ನಗುವುದನ್ನು ಅವಳು ನೋಡಿದ್ದು ಅದೊಂದೇ ಸಲ. ಸೌಟಣ್ಣನೂ ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

ಗಾಡಿಯಲ್ಲಿ ಊಟ ಆರುತ್ತಿತ್ತು. ಸಿಸ್ಟರ್‌ಗೆ ತಂದ ತಟ್ಟೆಯನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಸದ್ದಾಗದಂತೆ ಇಟ್ಟು, ಅವಳು ಮುಂದಿನ ಮಂಚಕ್ಕೆ ಗಾಡಿ ತಳ್ಳಿದಳು.